ಧೂಳು ಮತ್ತು ಹೊಗೆ: ಕೋಲಾರ ಚಿನ್ನದ ಗಣಿಯ ಉಸಿರಿನ ಚರಿತ್ರೆ

ಬಂಗಾರಪೇಟೆ ಜಂಕ್ಷನ್ನಿನಿಂದ ಮಾರಿಕುಪ್ಪಂ ಕಡೆಗೆ ಹೋಗುವ ರೈಲಿನಲ್ಲಿ ಕುಳಿತರೆ ಕೆಲವೇ ಮೈಲಿಗಳಲ್ಲಿ ಕಿಟಕಿಯಾಚೆ ಬೂದುಬಣ್ಣದ, ತಲೆ ಚಪ್ಪಟೆಯಾದ ಗುಡ್ಡಗಳು ಕಾಣಿಸತೊಡಗುತ್ತವೆ. ಹೊಸಬರು ಅವುಗಳನ್ನು ಬೆಟ್ಟವೆಂದೇ ತಿಳಿಯುತ್ತಾರೆ. ಅವು ಬೆಟ್ಟಗಳಲ್ಲ. ನೆಲದೊಳಗಿಂದ ಒಡೆದು ತಂದ ಕಲ್ಲನ್ನು ಪುಡಿ ಮಾಡಿ, ಸೈನೈಡಿನಲ್ಲಿ ತೊಳೆದು, ಚಿನ್ನ ತೆಗೆದುಕೊಂಡ ಮೇಲೆ ಚೆಲ್ಲಿದ ಹಿಟ್ಟು. ಊರಿನವರು ಅದನ್ನು ಸೈನೈಡ್ ದಿಬ್ಬ ಎನ್ನುತ್ತಾರೆ. ಇಂಥ 13 ದಿಬ್ಬಗಳಲ್ಲಿ ಸುಮಾರು 3 ಕೋಟಿ 30 ಲಕ್ಷ ಟನ್ ಪುಡಿ ಬಿದ್ದಿದೆ. ಗಾಳಿ ಬೀಸಿದಾಗ ಅದು ಎದ್ದು ಬಂದು ಮನೆಯ ಪಾತ್ರೆ, ಹಾಸಿಗೆ, ಮಕ್ಕಳ ಕೂದಲಿನ ಮೇಲೆ ಕೂರುತ್ತದೆ.

ಈ ನೆಲದಿಂದ ಹೊರಬಂದ ಸುಮಾರು 800 ಟನ್ ಚಿನ್ನದ ಚರಿತ್ರೆಯನ್ನು ಬಹಳ ಮಂದಿ ಬರೆದಿದ್ದಾರೆ. ಆ ಚಿನ್ನವನ್ನು ತೆಗೆದವರ ಎದೆಗೂಡಿಗೂ ಒಂದು ಚರಿತ್ರೆಯಿದೆ. ಅದರೊಳಗೆ ಎರಡು ವಸ್ತುಗಳು ಇಳಿದವು. ಒಂದು ಕಲ್ಲಿನ ಧೂಳು. ಅದನ್ನು ಕಾರ್ಮಿಕ ಬೇಡಿ ತೆಗೆದುಕೊಂಡಿದ್ದಲ್ಲ, ಕೂಲಿಯ ಜೊತೆಗೆ ಕಟ್ಟಿಕೊಟ್ಟದ್ದು. ಇನ್ನೊಂದು ಹೊಗೆಸೊಪ್ಪಿನ ಹೊಗೆ. ಅದನ್ನು ಅವನು ತನ್ನದೇ ದುಡ್ಡಿನಿಂದ ಕೊಂಡ. ಮೊದಲನೆಯದರ ಬಗ್ಗೆ ಸಮೀಕ್ಷೆ ನಡೆಯಿತು, ಪರಿಹಾರದ ಮಾತು ಬಂತು, ಕಾನೂನು ಬಂತು. ಎರಡನೆಯದು ಬಹಳ ಕಾಲ ಬರೀ ಚಟ ಎನಿಸಿಕೊಂಡು ಉಳಿಯಿತು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕಾದ ಕಾಲ ಬಂದಿದೆ.

ಬೂದಿಕೋಟೆಯ ನೆರೆಯ ಚಿನ್ನ

ಬಂಗಾರಪೇಟೆ ತಾಲೂಕಿನ ಬೂದಿಕೋಟೆ ಹೈದರ್ ಅಲಿಯ ಜನ್ಮಸ್ಥಳ. ಅವನ ತಂದೆ ಫತೇ ಮಹಮ್ಮದ್‌ನ ಗೋರಿ ಕೋಲಾರದಲ್ಲಿದೆ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದು ಮೈಸೂರು ಕಂಪನಿಯ ಹಿಡಿತಕ್ಕೆ ಬಂದ ಮೂರು ವರ್ಷಗಳಲ್ಲೇ, 1802ರಲ್ಲಿ, ಸರಹದ್ದು ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ ಇಲ್ಲಿನ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ಕಂಡ. ಊರಿಗಾಂ, ಮಾರಿಕುಪ್ಪಂ ಸುತ್ತಿನ ಜನರಿಗೆ ಈ ವಿದ್ಯೆ ಮೊದಲೇ ಗೊತ್ತಿತ್ತು. ವಾರನ್ ಬರೆದ ವರದಿಯನ್ನು ಎಷ್ಟೋ ವರ್ಷಗಳ ಮೇಲೆ ಓದಿದ ಬೆಂಗಳೂರಿನ ನಿವೃತ್ತ ಸೈನಿಕ ಮೈಕೆಲ್ ಲವೆಲ್ 1873ರಲ್ಲಿ ಮೈಸೂರು ಸರಕಾರದ ಅನುಮತಿ ಕೋರಿದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದಿತು. ಚೀಫ್ ಕಮಿಷನರ್ ಬೌರಿಂಗ್‌ನ ಹೆಸರಿನಲ್ಲಿ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಇಂದಿನ ಬಂಗಾರಪೇಟೆಯಿಂದ ಗಣಿಗೆ 1894ರಲ್ಲಿ ರೈಲು ಹೋಯಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂತು.

ಬ್ರಿಟನ್ನಿನ ಕಾರ್ನ್‌ವಾಲ್‌ನಿಂದ ಗಣಿ ಬಲ್ಲವರು ಬಂದರು. ಉತ್ತರ ಆರ್ಕಾಟು, ಚಿತ್ತೂರು ಕಡೆಗಳಿಂದ ಬರಗಾಲದಿಂದಲೂ ಜಾತಿಯ ತುಳಿತದಿಂದಲೂ ಬೇಸತ್ತ ಬಡವರು ಸಾವಿರಾರು ಸಂಖ್ಯೆಯಲ್ಲಿ ಬಂದರು. ಅವರಲ್ಲಿ ಬಹುಪಾಲು ದಲಿತರು. ಚಾಂಪಿಯನ್ ರೀಫ್ ಗಣಿ ಇಳಿಯುತ್ತಾ ಇಳಿಯುತ್ತಾ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಮುಟ್ಟಿತು. ಅಲ್ಲಿ ಬಂಡೆಯ ಉಷ್ಣತೆಯೇ 60 ಡಿಗ್ರಿ ದಾಟುತ್ತಿತ್ತು. ಮೇಲೆ ಸಾಹೇಬರ ಬಂಗಲೆ, ಕ್ಲಬ್ಬು, ತೋಟಗಳಿದ್ದ ಊರಿಗೆ ಪುಟ್ಟ ಇಂಗ್ಲೆಂಡ್ ಎಂಬ ಹೆಸರು ಬಿದ್ದಿತ್ತು. ಕೆಳಗೆ ಇದ್ದದ್ದು ಬೇರೆಯೇ ಲೋಕ.

ಕಲ್ಲಿನ ಧೂಳು

ಕೋಲಾರದ ಚಿನ್ನ ಬೆಣಚುಕಲ್ಲಿನ ಪಟ್ಟಿಗಳಲ್ಲಿ ಅಡಗಿತ್ತು. ಬೆಣಚುಕಲ್ಲೆಂದರೆ ಸಿಲಿಕಾ. ಅದನ್ನು ಡ್ರಿಲ್ಲಿನಿಂದ ಕೊರೆದಾಗ, ಸಿಡಿಮದ್ದಿನಿಂದ ಒಡೆದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣುವ ದಪ್ಪ ಕಣಗಳು ಅಷ್ಟು ಅಪಾಯದವಲ್ಲ. ಅವು ಮೂಗು, ಗಂಟಲಲ್ಲೇ ನಿಲ್ಲುತ್ತವೆ. ಕಣ್ಣಿಗೆ ಕಾಣದ ಅತಿ ಸೂಕ್ಷ್ಮ ಕಣಗಳು ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೂ ಹೋಗುತ್ತವೆ. ಅವುಗಳನ್ನು ನುಂಗಿ ಹಾಕಲು ಬರುವ ದೇಹದ ಕಾವಲು ಕೋಶಗಳು ತಾವೇ ಸಾಯುತ್ತವೆ. ಆ ಜಾಗದಲ್ಲಿ ಗಾಯದ ಕಲೆಯಂಥ ಗಂಟುಗಳು ಕಟ್ಟುತ್ತವೆ. ಮೆತ್ತಗಿನ ಸ್ಪಂಜಿನಂತಿದ್ದ ಶ್ವಾಸಕೋಶ ನಿಧಾನವಾಗಿ ಗಡುಸಾಗುತ್ತದೆ. ಇದೇ ಸಿಲಿಕೋಸಿಸ್. ಇದಕ್ಕೆ ಆಗಲೂ ಮದ್ದಿರಲಿಲ್ಲ, ಈಗಲೂ ವಾಸಿ ಮಾಡುವ ಮದ್ದಿಲ್ಲ. ಇನ್ನೂ ಕ್ರೂರವಾದ ಸಂಗತಿಯೆಂದರೆ, ಗಣಿಯ ಕೆಲಸ ಬಿಟ್ಟ ಮೇಲೂ ರೋಗ ಮುಂದುವರಿಯಬಲ್ಲದು. ಕಾರ್ಮಿಕ ನಿವೃತ್ತನಾಗುತ್ತಾನೆ, ಅವನೊಳಗಿನ ಧೂಳು ನಿವೃತ್ತವಾಗುವುದಿಲ್ಲ.

ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಇದು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ದೊಡ್ಡ ಗದ್ದಲವೆಬ್ಬಿಸಿತ್ತು. ಅಲ್ಲಿಂದ ಊರಿಗೆ ಮರಳಿದ ಕಾರ್ನ್‌ವಾಲ್‌ನ ಯುವಕರು ಬೇಗನೆ ಸತ್ತಾಗ ಬ್ರಿಟನ್ನಿನಲ್ಲೇ ವಿಚಾರಣೆ ನಡೆಯಿತು. 1930ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಜೋಹಾನ್ಸ್‌ಬರ್ಗಿನಲ್ಲಿ ಸಿಲಿಕೋಸಿಸ್ ಕುರಿತಾಗಿಯೇ ಒಂದು ಜಾಗತಿಕ ಸಮ್ಮೇಳನ ಸೇರಿಸಿತು. ಅದೇ ವರ್ಷ ಕೋಲಾರದಲ್ಲಿ ಸಾವಿರಾರು ಗಣಿ ಕಾರ್ಮಿಕರು ಬೆರಳಚ್ಚು ತೆಗೆಯುವ ಹೊಸ ಪದ್ಧತಿಯನ್ನು ವಿರೋಧಿಸಿ ಮುಷ್ಕರ ಹೂಡಿದ್ದರು. ಅವರ ಬೆರಳಿನ ಗುರುತಿನ ಮೇಲೆ ಕಂಪನಿಗಿದ್ದ ಆಸಕ್ತಿ ಅವರ ಎದೆಯ ಎಕ್ಸ್‌ರೇ ಮೇಲೆ ಮೂಡಲು ಇನ್ನೂ ಒಂದು ದಶಕ ಬೇಕಾಯಿತು. 1940ರ ದಶಕದಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರರಲ್ಲಿ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂತು. ಭಾರತದ ವೈದ್ಯಕೀಯ ವಿದ್ಯಾರ್ಥಿಗಳು ಇಂದಿಗೂ ಈ ರೋಗದ ಪಾಠವನ್ನು ಕೋಲಾರದ ಹೆಸರಿನಿಂದಲೇ ಆರಂಭಿಸುತ್ತಾರೆ.

ನೀರು ಹಾಯಿಸಿ ಕೊರೆಯುವುದು, ಗಾಳಿಯಾಡುವ ವ್ಯವಸ್ಥೆ, ಎಕ್ಸ್‌ರೇ ತಪಾಸಣೆ, ಪರಿಹಾರ ಇವೆಲ್ಲ ಹಂತಹಂತವಾಗಿ ಬಂದವು. 1952ರ ಗಣಿ ಕಾಯಿದೆಯಡಿ ಸಿಲಿಕೋಸಿಸ್ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವಾಯಿತು. ಅಂದರೆ ಧೂಳಿಗೆ ಒಬ್ಬ ಹೊಣೆಗಾರ ಇದ್ದಾನೆ ಎಂಬುದನ್ನು ಕಾನೂನು ಒಪ್ಪಿಕೊಂಡಿತು.

ಬಿಜಾಪುರದಿಂದ ಹೊರಟ ಎಲೆ

ಎರಡನೆಯ ವಸ್ತುವಿನ ಚರಿತ್ರೆ ನಮ್ಮ ನಾಡಿನಲ್ಲೇ, ಇನ್ನೂ ಹಿಂದಕ್ಕೆ ಹೋಗುತ್ತದೆ. ಅಮೆರಿಕದ ಈ ಎಲೆಯನ್ನು ಹಡಗಿನಲ್ಲಿ ತಂದವರು ಪೋರ್ಚುಗೀಸರು. ಗೋವೆಯಿಂದ ಅದು ದಖ್ಖನಿಗೆ ಬಂತು. ಹದಿನೇಳನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಕ್ಬರನ ರಾಯಭಾರಿಯಾಗಿ ಬಿಜಾಪುರದ ಎರಡನೇ ಇಬ್ರಾಹೀಂ ಆದಿಲ್‌ಶಾಹನ ಆಸ್ಥಾನಕ್ಕೆ ಬಂದಿದ್ದ ಅಸದ್ ಬೇಗ್ ಅಲ್ಲಿ ತಂಬಾಕನ್ನು ಕಂಡ. ಉತ್ತರದಲ್ಲಿ ತಾನು ಕಾಣದ ವಸ್ತು ಎಂದು ಒಂದಿಷ್ಟು ಎಲೆ ಹಾಗೂ ಅಲಂಕರಿಸಿದ ಒಂದು ಕೊಳವೆಯನ್ನು ಬಾದಶಹನಿಗೆ ಕಾಣಿಕೆ ಒಯ್ದ. ಈ ಪ್ರಸಂಗವನ್ನು ಅವನೇ ಬರೆದಿಟ್ಟಿದ್ದಾನೆ. ಅಕ್ಬರ್ ಕುತೂಹಲಕ್ಕೆ ಒಂದೆರಡು ದಮ್ಮು ಎಳೆದ. ಆಸ್ಥಾನದ ಹಕೀಮ ತಡೆದ. ನಮ್ಮ ವೈದ್ಯ ಗ್ರಂಥಗಳಲ್ಲಿ ಇದರ ಗುಣದೋಷ ಹೇಳಿಲ್ಲ, ಪರೀಕ್ಷಿಸದ ವಸ್ತುವನ್ನು ಬಾದಶಹರು ಸೇವಿಸಬಾರದು ಎಂಬುದು ಅವನ ವಾದ. ಎಲ್ಲ ವಸ್ತುಗಳೂ ಒಂದು ಕಾಲದಲ್ಲಿ ಹೊಸದಾಗಿಯೇ ಇದ್ದವಲ್ಲ ಎಂಬುದು ಅಸದ್ ಬೇಗನ ಉತ್ತರ. ಅಕ್ಬರನಿಗೆ ಉತ್ತರ ಮೆಚ್ಚುಗೆಯಾಯಿತು, ಆದರೆ ಅವನು ಆ ರೂಢಿಯನ್ನು ಹಚ್ಚಿಕೊಳ್ಳಲಿಲ್ಲ. ಅಮೀರರು ಹಚ್ಚಿಕೊಂಡರು, ವ್ಯಾಪಾರಿಗಳು ತರಿಸತೊಡಗಿದರು. ಜಹಾಂಗೀರ್ 1617ರಲ್ಲಿ ಅದನ್ನು ನಿಷೇಧಿಸುವ ಆಜ್ಞೆ ಹೊರಡಿಸುವ ಹೊತ್ತಿಗೆ ಎಲೆ ಊರೂರಿಗೆ ಹೋಗಿತ್ತು.

ಈ ಜಗಳ ಬರೀ ಮೊಗಲರದಲ್ಲ. ಇಂಗ್ಲೆಂಡಿನ ದೊರೆ ಒಂದನೇ ಜೇಮ್ಸ್ 1604ರಲ್ಲಿ ತಂಬಾಕಿನ ವಿರುದ್ಧ ತಾನೇ ಒಂದು ಪುಸ್ತಿಕೆ ಬರೆದ. ಉಸ್ಮಾನಿ ಸುಲ್ತಾನ ನಾಲ್ಕನೇ ಮುರಾದ್ 1633ರಲ್ಲಿ ಮರಣದಂಡನೆಯ ಬೆದರಿಕೆಯೊಡನೆ ನಿಷೇಧಿಸಿದ. ಉಲಮಾಗಳಲ್ಲೂ ಎರಡು ಪಕ್ಷಗಳಾದವು. ದಮಾಸ್ಕಸ್ಸಿನ ಅಬ್ದುಲ್ ಗನೀ ನಾಬುಲುಸಿಯಂಥ ದೊಡ್ಡ ವಿದ್ವಾಂಸರು ನಿಷಿದ್ಧವಲ್ಲವೆಂದು ವಾದಿಸಿದರು. ಹಾನಿ ಸ್ಪಷ್ಟವಾಗಿ ಸಾಬೀತಾಗಿಲ್ಲ ಎಂಬುದು ಅಂದಿನ ವಾದದ ಒಂದು ಮುಖ್ಯ ಆಧಾರ. ಇದನ್ನು ನಾವು ಮರೆಯಬಾರದು. ಯಾಕೆಂದರೆ ಆ ಆಧಾರ 1950ರಲ್ಲಿ ಕುಸಿಯಿತು. ಬ್ರಿಟನ್ನಿನಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್, ಅಮೆರಿಕದಲ್ಲಿ ವಿಂಡರ್ ಮತ್ತು ಗ್ರಹಾಂ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಅದೇ ವರ್ಷ ಅಂಕಿಅಂಶಗಳಿಂದ ತೋರಿಸಿದರು. ಹಕೀಮನ ಸಂಶಯ ಮೂರೂವರೆ ಶತಮಾನದ ಮೇಲೆ ನಿಜವಾಯಿತು.

ಅಷ್ಟರಲ್ಲಿ ಅಮೀರರ ಹುಕ್ಕಾ ಬಡವರ ಬೀಡಿಯಾಗಿತ್ತು. 1910ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಇಂಪೀರಿಯಲ್ ಟೊಬ್ಯಾಕೊ ಕಂಪನಿ ಬೆಂಗಳೂರಿನಲ್ಲೂ ಸಿಗರೇಟು ಕಾರ್ಖಾನೆ ತೆರೆಯಿತು. ಬೀಡಿ, ಬೆಂಕಿಪೆಟ್ಟಿಗೆ, ಕಡ್ಡಿಪುಡಿ, ನಶ್ಯ ಇವು ಕೂಲಿಕಾರನ ಕೈಗೆಟಕುವ ಬೆಲೆಯಲ್ಲಿ ಪ್ರತಿ ಗೂಡಂಗಡಿಗೂ ಬಂದವು. ಎಂಟು ಗಂಟೆ ಕತ್ತಲಲ್ಲಿ, ಕಾವಿನಲ್ಲಿ, ಬಂಡೆ ಸಿಡಿಯುವ ಭಯದಲ್ಲಿ ದುಡಿದು ಮೇಲೆ ಬಂದವನಿಗೆ ಒಂದು ಬೀಡಿ ಎಂದರೆ ಐದು ನಿಮಿಷದ ಬಿಡುವು. ಆ ಬಿಡುವು ಅವನಿಗೆ ಬೇಕಾಗಿತ್ತು ಎಂಬುದನ್ನು ಒಪ್ಪದೆ ಅವನ ಚಟವನ್ನು ಬೈಯುವುದು ನ್ಯಾಯವಲ್ಲ. ಆದರೆ ಆ ಐದು ನಿಮಿಷಕ್ಕೆ ಅವನು ತೆತ್ತ ಬೆಲೆಯನ್ನು ಹೇಳದಿರುವುದೂ ನ್ಯಾಯವಲ್ಲ.

ಎರಡೂ ಸೇರಿದಾಗ

ನಮ್ಮ ಶ್ವಾಸನಾಳದ ಒಳಗೋಡೆಯಲ್ಲಿ ಸೂಕ್ಷ್ಮ ರೋಮಗಳಿವೆ. ಕಸ ಗುಡಿಸುವ ಪೊರಕೆಯಂತೆ ಅವು ಧೂಳನ್ನು, ಕಫವನ್ನು ಮೇಲಕ್ಕೆ ತಳ್ಳುತ್ತವೆ. ತಂಬಾಕಿನ ಹೊಗೆ ಈ ಪೊರಕೆಯನ್ನೇ ನಿಷ್ಕ್ರಿಯಗೊಳಿಸುತ್ತದೆ. ಧೂಳಿಲ್ಲದ ಜಾಗದಲ್ಲಿ ಸೇದುವವನಿಗೇ ಇದು ಹಾನಿ. ಇನ್ನು ಇಡೀ ದಿನ ಸಿಲಿಕಾ ಉಸಿರಾಡಿದವನು ಸೇದಿದರೆ ಕಸ ಬೀಳುತ್ತಲೇ ಇರುವ ಮನೆಯಲ್ಲಿ ಪೊರಕೆಯನ್ನು ಮುರಿದು ಹಾಕಿದಂತೆ. ಸಿಲಿಕೋಸಿಸ್ ಇರುವವರಿಗೆ ಕ್ಷಯ ತಗಲುವ ಸಾಧ್ಯತೆ ಬೇರೆಯವರಿಗಿಂತ ಹಲವು ಪಟ್ಟು ಹೆಚ್ಚು. ಧೂಮಪಾನವೂ ಕ್ಷಯದ ಅಪಾಯವನ್ನು ಹೆಚ್ಚಿಸುತ್ತದೆ. ಸಿಲಿಕಾ ಧೂಳು ಕ್ಯಾನ್ಸರ್ ತರುವ ವಸ್ತು ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ಘೋಷಿಸಿತು. ತಂಬಾಕಿನ ಹೊಗೆಯ ಬಗ್ಗೆ ಅದೇ ತೀರ್ಪು 1986ರಲ್ಲೇ ಬಂದಿತ್ತು. ಬೀಡಿ ಸಿಗರೇಟಿಗಿಂತ ಮೆದು ಎಂಬುದು ಬರೀ ನಂಬಿಕೆ. ಎಲೆ ಆರದಂತೆ ಪದೇಪದೇ ಜೋರಾಗಿ ಎಳೆಯಬೇಕಾದ್ದರಿಂದ ಬೀಡಿಯಿಂದ ಒಳಹೋಗುವ ಟಾರ್, ಕಾರ್ಬನ್ ಮೊನಾಕ್ಸೈಡ್ ಕಡಿಮೆಯೇನಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ನಿನ್ನ ಕೆಮ್ಮಿಗೆ ನಿನ್ನ ಬೀಡಿಯೇ ಕಾರಣ ಎಂಬ ಮಾತು ಧೂಳು ಕುಡಿಸಿದವರಿಗೆ ಬಹಳ ಅನುಕೂಲದ ಮಾತು. ಅದರಿಂದ ಮಾಲೀಕನ ಹೊಣೆ ಕಾರ್ಮಿಕನ ಹೆಗಲಿಗೆ ಜಾರುತ್ತದೆ. ಕಾರ್ಮಿಕ ಪರವಾಗಿ ಮಾತಾಡುವವರು ಈ ಕಾರಣಕ್ಕೇ ತಂಬಾಕಿನ ವಿಷಯ ಎತ್ತಲು ಹಿಂಜರಿಯುವುದುಂಟು. ಆದರೆ ಒಂದು ಅನ್ಯಾಯವನ್ನು ಹೇಳಲು ಇನ್ನೊಂದನ್ನು ಮುಚ್ಚಬೇಕಾಗಿಲ್ಲ. ಎಕ್ಸ್‌ರೇಯಲ್ಲಿ ಸಿಲಿಕೋಸಿಸ್ಸಿನ ಗಂಟುಗಳನ್ನು ಗುರುತಿಸಬಹುದು, ಬೀಡಿ ಸೇದಿದ ಮಾತ್ರಕ್ಕೆ ಆ ಗಂಟುಗಳು ಬರುವುದಿಲ್ಲ. ಪರಿಹಾರ ಕೇಳುವ ಹಕ್ಕು ಸೇದುವವನಿಗೂ ಇದೆ. ಬಿಡುವುದರಿಂದ ಸಿಗುವ ಲಾಭವೂ ಅವನಿಗೇ ಇದೆ.

ಕಟ್ಟುವ ಕೈ, ಸೇದುವ ಎದೆ

ಈ ಕತೆಯ ಇನ್ನೊಂದು ತುದಿ ಕರಾವಳಿಯಲ್ಲಿದೆ. ದಕ್ಷಿಣ ಕನ್ನಡದ ಎಷ್ಟೋ ಮನೆಗಳಲ್ಲಿ, ಬ್ಯಾರಿ ಮುಸ್ಲಿಂ ಮನೆಗಳಲ್ಲೂ ಬಿಲ್ಲವ, ಮೊಗೇರ ಮನೆಗಳಲ್ಲೂ, ಹೆಂಗಸರು ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದರು. ಅವರಿಗಾಗಿ 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಬಂತು. ಇಡೀ ದಿನ ಹೊಗೆಸೊಪ್ಪಿನ ಪುಡಿಯ ಮುಂದೆ ಕುಳಿತ ಅವರ ಎದೆಯೊಳಗೂ ಧೂಳು ಹೋಯಿತು. ಹುಣಸೂರು, ಪಿರಿಯಾಪಟ್ಟಣದ ರೈತರು ಹೊಗೆಸೊಪ್ಪು ಬೆಳೆದು ಬದುಕಿದರು. ಹೀಗೆ ಒಬ್ಬ ಬಡವ ಬೆಳೆದದ್ದನ್ನು ಇನ್ನೊಬ್ಬ ಬಡವಿ ಕಟ್ಟಿ, ಮತ್ತೊಬ್ಬ ಬಡವ ಸೇದಿ ಸತ್ತ. ನಡುವೆ ಲಾಭ ಮಾತ್ರ ಬೇರೆಡೆಗೆ ಹೋಯಿತು. ತಂಬಾಕು ನಿಯಂತ್ರಣದ ಮಾತಾಡುವವರು ಈ ಕೈಗಳಿಗೆ ಬೇರೆ ಕೆಲಸದ ಮಾತನ್ನೂ ಆಡಬೇಕು. ಆಡದಿದ್ದರೆ ಅದು ಅರ್ಧ ಸತ್ಯ.

ನೆಲದಾಳದಿಂದ ಬಾಯಿಯೊಳಕ್ಕೆ

ಚಾಂಪಿಯನ್ ರೀಫ್ ಗಣಿಗೆ ವಿಜ್ಞಾನದ ಚರಿತ್ರೆಯಲ್ಲೂ ಹೆಸರಿದೆ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ವಿದೇಶಿ ಸಹೋದ್ಯೋಗಿಗಳೊಡನೆ ಸೇರಿ ಇಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಉಪಕರಣವಿಟ್ಟು ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವು ಹಿಡಿದರು. ಹೆಚ್ಚು ಜನರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಅದೇ ಸಂಸ್ಥೆಯ ದಂತ ಸಂಶೋಧನಾ ಘಟಕ ಅದೇ ಹೊತ್ತಿಗೆ, 1966ರಿಂದ, ಹಳ್ಳಿಹಳ್ಳಿಗೆ ಹೋಗಿ ಜನರ ಬಾಯಿ ತೆರೆಸಿ ನೋಡತೊಡಗಿತ್ತು. ಡಾ. ಫಲಿ ಮೆಹ್ತಾ ಮತ್ತು ಡಾ. ಪ್ರಕಾಶ್ ಗುಪ್ತಾ ಅವರ ತಂಡ ಎರ್ನಾಕುಲಂ, ಭಾವನಗರ, ಶ್ರೀಕಾಕುಳಂ ಮುಂತಾದ ಜಿಲ್ಲೆಗಳಲ್ಲಿ ಬಾಯಿಯ ಬಿಳಿಕಲೆ ಮತ್ತು ಕ್ಯಾನ್ಸರಿಗೆ ತಂಬಾಕಿನ ನಂಟನ್ನು ದಾಖಲಿಸಿತು. 1970ರ ದಶಕದ ಕೊನೆಯಲ್ಲಿ ಹಳ್ಳಿಗಾಡಿನ ಸುಮಾರು 36 ಸಾವಿರ ತಂಬಾಕು ಬಳಕೆದಾರರಿಗೆ ತಿಳಿವಳಿಕೆ ಹೇಳುತ್ತಾ ವರ್ಷ ವರ್ಷ ಪರೀಕ್ಷಿಸಿತು. ಬಿಟ್ಟವರಲ್ಲಿ, ಕಡಿಮೆ ಮಾಡಿದವರಲ್ಲಿ ಕ್ಯಾನ್ಸರಿಗೆ ಮುನ್ನ ಬರುವ ಬಿಳಿಕಲೆ ಕಡಿಮೆಯಾಯಿತು. ಓದುಬರಹ ಬಾರದ ಬಡವರು ಹೇಳಿದರೆ ಕೇಳುವುದಿಲ್ಲ ಎಂಬ ಮಾತು ಸುಳ್ಳೆಂದು ಆ ಅಧ್ಯಯನ ತೋರಿಸಿತು.

ಕಾನೂನು ತಡವಾಗಿ ಹಿಂಬಾಲಿಸಿತು. ಮುರಳಿ ದೇವೋರಾ ಅವರ ಅರ್ಜಿಯ ಮೇಲೆ 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ತಡೆಯಲು ಆದೇಶಿಸಿತು. 2003ರಲ್ಲಿ ತಂಬಾಕು ನಿಯಂತ್ರಣ ಕಾಯಿದೆ ಬಂತು. 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. 2024ರಲ್ಲಿ ರಾಜ್ಯ ವಿಧಾನಮಂಡಲ ಒಪ್ಪಿದ ತಿದ್ದುಪಡಿ 2025ರಲ್ಲಿ ರಾಷ್ಟ್ರಪತಿಯ ಅಂಕಿತ ಪಡೆದು, 21 ವರ್ಷದೊಳಗಿನವರಿಗೆ ತಂಬಾಕು ಮಾರುವುದನ್ನೂ ಹುಕ್ಕಾ ಬಾರ್‌ಗಳನ್ನೂ ನಿಷೇಧಿಸಿದೆ. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದ ವಯಸ್ಕರಲ್ಲಿ ಶೇ. 28.6, ಕರ್ನಾಟಕದಲ್ಲಿ ಶೇ. 22.8 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಅವರಲ್ಲಿ ಸೇದುವವರಿಗಿಂತ ಜಗಿಯುವವರೇ ಹೆಚ್ಚು.

ಗಣಿ ಮುಚ್ಚಿದ ಮೇಲೆ

1956ರಲ್ಲಿ ರಾಜ್ಯ ಸರಕಾರದ, 1962ರಲ್ಲಿ ಕೇಂದ್ರದ ಕೈಗೆ ಬಂದ ಗಣಿಗಳು 1972ರಿಂದ ಭಾರತ್ ಗೋಲ್ಡ್ ಮೈನ್ಸ್ ಆಗಿ ನಡೆದು 2001ರ ಫೆಬ್ರವರಿ 28ರಂದು ಮುಚ್ಚಿದವು. ಕೂಲಿಯ ಜೊತೆ ಕಂಪನಿಯ ಆಸ್ಪತ್ರೆಯ ಆಸರೆಯೂ ಹೋಯಿತು. ತಂದೆ ಲಿಫ್ಟಿನಲ್ಲಿ ಕೆಳಗಿಳಿಯುತ್ತಿದ್ದ ಹೊತ್ತಿಗೆ ಈಗ ಮಗ, ಮಗಳು ಬಂಗಾರಪೇಟೆ ದಾರಿಯಾಗಿ ಬೆಂಗಳೂರಿನ ರೈಲು ಹಿಡಿಯುತ್ತಾರೆ. ದಿನಕ್ಕೆ ನಾಲ್ಕೈದು ಗಂಟೆ ರೈಲಿನಲ್ಲೇ. ನಿದ್ದೆಗೆಟ್ಟ ಈ ಬದುಕಿನಲ್ಲಿ ಬಾಯಿಗೆ ಒಂದು ಪೊಟ್ಟಣ, ಕೈಗೆ ಒಂದು ಸಿಗರೇಟು ಮತ್ತೆ ಅದೇ ಐದು ನಿಮಿಷದ ಬಿಡುವಾಗಿ ಬರುತ್ತದೆ.

ಈಗ ಹೊಸದೊಂದು ಸೇರಿದೆ. 2003ರಲ್ಲಿ ಚೀನಾದ ಹೋನ್ ಲಿಕ್ ರೂಪಿಸಿದ ಇ-ಸಿಗರೇಟು ನಿಕೋಟಿನ್ ದ್ರವವನ್ನು ಕಾಯಿಸಿ ಆವಿ ಮಾಡುತ್ತದೆ. ಎಲೆ ಸುಡುವುದಿಲ್ಲವಾದ್ದರಿಂದ ಟಾರ್ ಕಡಿಮೆ ಎಂಬುದು ನಿಜ. ಆದರೆ ಚಟ ಹಿಡಿಸುವ ನಿಕೋಟಿನ್ ಅಲ್ಲಿಯೂ ಇದೆ, ಬೆಳೆಯುವ ಮಿದುಳಿಗೆ ಅದು ವಿಷ. ಕಾಯಿಸಿದ ದ್ರವದಿಂದ ಹುಟ್ಟುವ ರಾಸಾಯನಿಕಗಳೂ, ಲೋಹದ ಸೂಕ್ಷ್ಮ ಕಣಗಳೂ ಶ್ವಾಸಕೋಶಕ್ಕೆ ಹೋಗುತ್ತವೆ. 2019-20ರಲ್ಲಿ ಅಮೆರಿಕದಲ್ಲಿ ವೇಪಿಂಗಿನಿಂದ ಶ್ವಾಸಕೋಶಕ್ಕೆ ಪೆಟ್ಟಾಗಿ 2,807 ಮಂದಿ ಆಸ್ಪತ್ರೆ ಸೇರಿದರು ಅಥವಾ ಸತ್ತರು. ಸತ್ತವರು 68 ಮಂದಿ. ಅದರಲ್ಲಿ ಹೆಚ್ಚಿನವು ಗಾಂಜಾದ ಸತ್ವಕ್ಕೆ ವಿಟಮಿನ್ ಇ ಅಸಿಟೇಟ್ ಬೆರೆಸಿದ ಕಳ್ಳಮಾಲಿನಿಂದ ಆದವು. ಪೊಟ್ಟಣದೊಳಗೆ ಏನಿದೆಯೆಂದು ಸೇದುವವನಿಗೆ ತಿಳಿಯದು ಎಂಬುದೇ ಅದರ ಪಾಠ. ಕರ್ನಾಟಕ 2016ರಲ್ಲೂ ಕೇಂದ್ರ 2019ರಲ್ಲೂ ಇವುಗಳ ಮಾರಾಟ ನಿಷೇಧಿಸಿವೆ. ಹಾಗಾಗಿ ಇಲ್ಲಿ ಸಿಗುವುದೆಲ್ಲ ಕಳ್ಳಮಾಲೇ. ಹೊಸ ವಸ್ತು, ಗುಣದೋಷ ಗೊತ್ತಿಲ್ಲ ಎಂದ ಅಕ್ಬರನ ಹಕೀಮನ ಮಾತು ನಾಲ್ಕು ನೂರು ವರ್ಷಗಳ ಮೇಲೆ ಮತ್ತೆ ಸಲ್ಲುತ್ತದೆ.

ಬಿಡುವ ದಾರಿ

ಬಿಡುವುದು ಕಷ್ಟ, ಅಸಾಧ್ಯವಲ್ಲ. ನಿಕೋಟಿನ್ ಮಿದುಳನ್ನು ಹಿಡಿದಿಟ್ಟ ಕಾರಣ ಮೊದಲ ಎರಡು ಮೂರು ದಿನ ಸಿಡುಕು, ತಲೆನೋವು, ನಿದ್ದೆಗೇಡು ಜೋರಾಗಿರುತ್ತವೆ. ಮೂರು ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಬೇಕೆನಿಸುವ ತುಡಿತ ಒಂದು ಸಲಕ್ಕೆ ಕೆಲವೇ ನಿಮಿಷ. ಅಷ್ಟು ಹೊತ್ತು ನೀರು ಕುಡಿಯುವುದು, ನಾಲ್ಕು ಹೆಜ್ಜೆ ನಡೆಯುವುದು, ಯಾರಿಗಾದರೂ ಫೋನು ಮಾಡುವುದು ಸಾಕಾಗುತ್ತದೆ. ಒಂದು ದಿನ ಗೊತ್ತು ಮಾಡಿ ಮನೆಯವರಿಗೆ ಹೇಳಿ. ಅಂದು ಪೊಟ್ಟಣ, ಬೆಂಕಿಪೆಟ್ಟಿಗೆ ಮನೆಯಲ್ಲಿರಬಾರದು. ಬರೀ ಮನೋಬಲ ಸಾಲದವರಿಗೆ ನಿಕೋಟಿನ್ ಗಮ್, ಪ್ಯಾಚ್ ಇವೆ. ವೈದ್ಯರು ಬರೆದುಕೊಡುವ ಬುಪ್ರೊಪಿಯಾನ್, ವರೆನಿಕ್ಲಿನ್ ಮಾತ್ರೆಗಳಿವೆ. ಮದ್ದಿನ ನೆರವು ಪಡೆಯುವುದು ನಾಚಿಕೆಯಲ್ಲ. 1800-112-356 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಸಲಹೆ ಪಡೆಯಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕನ್ನಡದಲ್ಲೂ ಮಾತಾಡುವ ಸಹಾಯವಾಣಿ ಕೇಂದ್ರವಿದೆ. ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನ ಕ್ಯಾನ್ಸರ್ ಆಸ್ಪತ್ರೆಯೂ, ಜಿಲ್ಲಾ ಆಸ್ಪತ್ರೆಗಳ ವ್ಯಸನಮುಕ್ತಿ ಕೇಂದ್ರಗಳೂ ನೆರವಾಗುತ್ತವೆ. ಒಮ್ಮೆ ಬಿಟ್ಟು ಮತ್ತೆ ಹಿಡಿದವರು ಸೋತವರಲ್ಲ. ಬಿಟ್ಟವರಲ್ಲಿ ಬಹುಪಾಲು ಹಲವು ಸಲ ಪ್ರಯತ್ನಿಸಿದವರೇ.

ನಮ್ಮ ರೂಢಿಗಳಲ್ಲೇ ಒಂದು ಬಾಗಿಲಿದೆ. ರಂಜಾನಿನಲ್ಲಿ ಹನ್ನೆರಡು ಹದಿಮೂರು ಗಂಟೆ ಬೀಡಿ ಮುಟ್ಟದವನು ಇಫ್ತಾರಿನ ಖರ್ಜೂರದ ಬೆನ್ನಿಗೇ ಮಸೀದಿಯ ಹೊರಗೆ ಹೊಗೆ ಬಿಡುವುದನ್ನು ನಾವೆಲ್ಲ ಕಂಡಿದ್ದೇವೆ. ಹಗಲು ಬಿಟ್ಟಿರಬಲ್ಲವನಿಗೆ ಇರುಳಿನ ಅರ್ಧ ಮಾತ್ರ ಉಳಿದಿದೆ. ಕೆಜಿಎಫ್‌ನ ಅಯ್ಯಪ್ಪ ವ್ರತಧಾರಿಗೆ ನಲವತ್ತೊಂದು ದಿನ, ಕ್ರೈಸ್ತ ನೆರೆಯವನಿಗೆ ತಪಸ್ಸು ಕಾಲದ ನಲವತ್ತು ದಿನ. ತುಡಿತ ಇಳಿಯಲು ಬೇಕಾದ ಅವಧಿಯೂ ಹೆಚ್ಚುಕಡಿಮೆ ಅಷ್ಟೇ.

ಬಿಟ್ಟ ಹನ್ನೆರಡು ಗಂಟೆಗಳಲ್ಲಿ ರಕ್ತದಲ್ಲಿನ ಕಾರ್ಬನ್ ಮೊನಾಕ್ಸೈಡ್ ಸಹಜ ಮಟ್ಟಕ್ಕಿಳಿಯುತ್ತದೆ. ಒಂದು ವರ್ಷದಲ್ಲಿ ಹೃದ್ರೋಗದ ಅಪಾಯ ಸೇದುವವನಿಗಿರುವ ಅರ್ಧಕ್ಕೆ ಬರುತ್ತದೆ. ಹಳೆಯ ಗಣಿ ಕಾರ್ಮಿಕರಿಗೆ ಒಂದು ಮಾತು ಬಿಚ್ಚಿ ಹೇಳಬೇಕು: ಬೀಡಿ ಬಿಟ್ಟರೆ ಕಲ್ಲಿನ ಧೂಳಿನ ಗಂಟುಗಳು ಕರಗುವುದಿಲ್ಲ. ಆದರೆ ಉಳಿದಿರುವ ಶ್ವಾಸಕೋಶಕ್ಕೆ ಹೊಗೆಯಿಂದ ಆಗುವ ಹೆಚ್ಚಿನ ಹಾನಿ ತಪ್ಪುತ್ತದೆ. ಎರಡು ವಾರ ಮೀರಿದ ಕೆಮ್ಮಿದ್ದರೆ ಇದು ಹಳೆಯದೇ ಎಂದು ಸುಮ್ಮನಿರದೆ ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಬೇಕು. ಅಲ್ಲಿ ಕ್ಷಯದ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ.

ಸೈನೈಡ್ ದಿಬ್ಬಗಳಲ್ಲಿ ಉಳಿದ ಚಿನ್ನ ತೆಗೆಯುವ ಯೋಜನೆಗೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದೆ. ದಿಬ್ಬಗಳನ್ನು ಕೆದಕಿದಾಗ ಧೂಳು ಮತ್ತೆ ಏಳುತ್ತದೆ. ಆ ಧೂಳಿಗೆ ಹೊಣೆ ಯಾರು ಎಂದು ಊರು ಮೊದಲೇ ಕೇಳಬೇಕು. ಒಮ್ಮೆ ತಡವಾಗಿ ಕೇಳಿದ್ದಕ್ಕೆ ಒಂದು ತಲೆಮಾರು ಎದೆಯಿಂದ ಬೆಲೆ ತೆತ್ತಿದೆ. ಗಾಳಿಗೆ ಬರುವ ಧೂಳನ್ನು ತಡೆಯಲು ಸರಕಾರ ಬೇಕು, ಕಾನೂನು ಬೇಕು, ಸಂಘಟನೆ ಬೇಕು. ತುಟಿಗೆ ಬರುವ ಹೊಗೆಯನ್ನು ತಡೆಯುವ ಕೆಲಸ ಇಂದು ಸಂಜೆಯ ರೈಲಿನಲ್ಲೇ ಶುರುವಾಗಬಹುದು.